ಮಂದಗಾಮಿಯೋ, ತೀವ್ರಗಾಮಿಯೋ? ಅಮೇರಿಕದ ಮತದಾರನ ಧರ್ಮಸಂಕಟ

ಒಂದೇ ಪಕ್ಷದ ಇಬ್ಬರು ಉಮೇದುವಾರರು ಮತದಾರನ ಮುಂದೆ ನಿಂತಿದ್ದಾರೆ. ಒಬ್ಬನು, ಪಕ್ಷದವರೆಲ್ಲರೂ ಮನಸ್ಸಿನಲ್ಲಿಯೇ ಬಯಸುತ್ತಿರುವುದನ್ನು ಬಾಯಿಬಿಟ್ಟು ಹೇಳುವ ಧೈರ್ಯಶಾಲಿ. ಇನ್ನೊಬ್ಬನು ಮಾತನ್ನು ಅಳೆದು ತೂಗಿ ಆಡುವವನು. ಎದುರು ಪಕ್ಷದವರಿಗೂ ಅಷ್ಟೊಂದು ಅಪಥ್ಯವಾಗದ ಸೌಮ್ಯ ಪುರುಷ. ಮನಸ್ಸು ಮೊದಲನೆಯವನ ಕಡೆಗೆ ಎಳೆಯುತ್ತದೆ. ‘ಗೆಲ್ಲುವವನು ಅವನಲ್ಲ’ ಎಂದು ಬುದ್ಧಿಯು ಎರಡನೆಯವನ ಕಡೆಗೆ ಬೆರಳು ತೋರಿಸುತ್ತದೆ. ಅಮೇರಿಕ ಸಂಯುಕ್ತ ಸಂಸ್ಥಾನಗಳ ಎರಡು ದೊಡ್ಡ ಪಕ್ಷಗಳ ಮತದಾರರು ಕಳೆದ ಅರುವತ್ತು ವರುಷಗಳಿಂದ ಮತ್ತೆ ಮತ್ತೆ ಈ ಧರ್ಮಸಂಕಟದಲ್ಲಿ ಸಿಲುಕುತ್ತಲೇ ಬಂದಿದ್ದಾರೆ. 2025ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಪದವಿಗೆ ನಡೆದ ಸ್ಪರ್ಧೆಯು ಈ ಪ್ರಶ್ನೆಯನ್ನು ಜಗತ್ತಿನ ಪತ್ರಿಕೆಗಳೆಲ್ಲ ಚರ್ಚಿಸುವಂತೆ ಮಾಡಿತು. ಪರದೇಶದ ವಿಷಯವೆಂದು ಇದನ್ನು ಬದಿಗಿರಿಸುವ ಬದಲು ತುಸು ಸಾವಧಾನವಾಗಿ ವಿಚಾರ ಮಾಡುವುದು ಉಚಿತವೆಂದು ನಮ್ಮ ಭಾವನೆ.

ಮಂದಗಾಮಿ, ತೀವ್ರಗಾಮಿ ಎಂಬ ಎರಡು ಶಬ್ದಗಳು ನಮಗೆ ಹೊಸವಲ್ಲ. 1907ರಲ್ಲಿ ಸೂರತ್ತಿನಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಒಡೆದದ್ದು ಅಧ್ಯಕ್ಷರು ಯಾರಾಗಬೇಕೆಂಬ ಮಾತಿನ ಮೇಲೆಯೇ. ಲೋಕಮಾನ್ಯ ತಿಲಕರ ಅನುಯಾಯಿಗಳು ಲಾಲಾ ಲಜಪತರಾಯರನ್ನು ಬಯಸಿದರು. ಗೋಖಲೆ, ಮೆಹತಾ ಮೊದಲಾದವರು ರಾಸಬಿಹಾರಿ ಘೋಷರನ್ನು ಮುಂದೆ ಮಾಡಿದರು. ಮಾತು ಕೈಗೆ ಬಂತು, ಸಭೆ ಚೆದುರಿತು. ಎರಡು ಬಣಗಳೂ ಮತ್ತೆ ಒಂದುಗೂಡಲು 1916ರ ಲಖನೌ ಅಧಿವೇಶನದವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಗೋಖಲೆಯವರು ತೀರಿಕೊಂಡಿದ್ದರು. ಒಂದೇ ಧ್ಯೇಯವನ್ನುಳ್ಳವರು ಅದನ್ನು ತಲಪುವ ವೇಗದ ಬಗ್ಗೆ ಜಗಳಾಡಿದರೆ ಎಷ್ಟು ವರುಷಗಳು ವ್ಯರ್ಥವಾಗುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಮೇರಿಕದವರು ಈ ಜಗಳವನ್ನು ಮತಪೆಟ್ಟಿಗೆಯ ಮೂಲಕ ತೀರಿಸುವ ಒಂದು ಪದ್ಧತಿಯನ್ನು ಮಾಡಿಕೊಂಡಿದ್ದಾರೆ. ಅದಕ್ಕೆ ಪ್ರೈಮರಿ, ಅಂದರೆ ಪ್ರಾಥಮಿಕ ಚುನಾವಣೆ ಎಂದು ಹೆಸರು. ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಮುಖಂಡರ ಕೋಣೆಯಲ್ಲಿ ನಿಶ್ಚಯಿಸದೆ, ಮುಖ್ಯ ಚುನಾವಣೆಗೆ ಕೆಲವು ತಿಂಗಳು ಮೊದಲೇ ಸಾಮಾನ್ಯ ಮತದಾರರ ಮುಂದೆ ಇಡುವುದೇ ಈ ಪದ್ಧತಿ. ವಿಸ್ಕಾನ್ಸಿನ್ ರಾಜ್ಯದ ಗವರ್ನರರಾಗಿದ್ದ ರಾಬರ್ಟ್ ಲಾ ಫಾಲೆಟ್ ಅವರ ಪ್ರಯತ್ನದಿಂದ 1904ರಲ್ಲಿ ಅಲ್ಲಿನ ಜನರು ಇಡೀ ರಾಜ್ಯಕ್ಕೆ ಅನ್ವಯಿಸುವ ಇಂಥ ಕಾಯಿದೆಗೆ ಒಪ್ಪಿಗೆಯಿತ್ತರು. ಎಲ್ಲ ಕಡೆಯೂ ನಿಯಮ ಒಂದೇ ಅಲ್ಲ. ನ್ಯೂಯಾರ್ಕಿನಲ್ಲಿ ಪಕ್ಷದವರೆಂದು ಹೆಸರು ನೋಂದಾಯಿಸಿದವರಿಗೆ ಮಾತ್ರವೇ ಮತವಿದೆ. ವಿಸ್ಕಾನ್ಸಿನ್ನಿನಲ್ಲಿ ಅಂಥ ನೋಂದಣಿಯೇ ಇಲ್ಲದೆ ಯಾವ ಮತದಾರನೂ ತನಗೆ ಬೇಕಾದ ಪಕ್ಷದ ಪ್ರೈಮರಿಯಲ್ಲಿ ಭಾಗವಹಿಸಬಹುದು.

ಅಧ್ಯಕ್ಷ ಪದವಿಯ ಮಟ್ಟಿಗೆ ಮಾತ್ರ ಮುಖಂಡರ ಹಿಡಿತವು ಬಹುಕಾಲ ಸಡಿಲವಾಗಲಿಲ್ಲ. 1968ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಉಮೇದುವಾರರಾದ ಶ್ರೀ ಹ್ಯೂಬರ್ಟ್ ಹಂಫ್ರಿಯವರು ಒಂದೇ ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸಿದವರಲ್ಲ. ಷಿಕಾಗೋ ಅಧಿವೇಶನದ ಹೊರಗೆ ಬೀದಿಗಳಲ್ಲಿ ಯುವಕರಿಗೂ ಪೋಲೀಸರಿಗೂ ಘರ್ಷಣೆ ನಡೆಯಿತು. ಆ ನವೆಂಬರಿನಲ್ಲಿ ಪಕ್ಷವು ಸೋತಿತು. ಅದರ ಫಲವಾಗಿ ನಿಯಮಗಳು ಬದಲಾಗಿ, 1972ರಿಂದ ಈಚೆಗೆ ಉಮೇದುವಾರನ ಆಯ್ಕೆಯು ಬಹುಮಟ್ಟಿಗೆ ಮತದಾರರ ಕೈಗೆ ಬಂದಿದೆ. ಅಧಿಕಾರದ ಜೊತೆಗೆ, ಹಿಂದೆ ಮುಖಂಡರು ಹೊತ್ತಿದ್ದ ತಲೆನೋವೂ ಅವರ ಪಾಲಿಗೆ ಬಂತು. ‘ನನಗೆ ಯಾರು ಬೇಕು’ ಎಂದಷ್ಟೇ ಕೇಳಿಕೊಳ್ಳಬೇಕಾದವನು ‘ನೆರೆಮನೆಯವನಿಗೆ ಯಾರು ಹಿಡಿಸಿಯಾರು’ ಎಂದು ಊಹಿಸತೊಡಗಿದನು.

ಮಂದಗಾಮಿಗಳ ಪರವಾದ ವಾದವು ದುರ್ಬಲವಾದುದೆಂದು ಯಾರೂ ಭಾವಿಸಬಾರದು. 1964ರಲ್ಲಿ ರಿಪಬ್ಲಿಕನ್ ಪಕ್ಷದವರು ನ್ಯೂಯಾರ್ಕಿನ ಗವರ್ನರ್ ರಾಕೆಫೆಲ್ಲರ್ ಅವರನ್ನು ಬಿಟ್ಟು ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಆರಿಸಿದರು. ಆ ವರ್ಷದ ನಾಗರಿಕ ಹಕ್ಕುಗಳ ಮಸೂದೆಗೆ ವಿರುದ್ಧವಾಗಿ ಮತವಿತ್ತವರು ಅವರು, ಮಾತಿಗೆ ಹಿಂಜರಿಕೆಯಿರಲಿಲ್ಲ. ಪರಿಣಾಮವೇನು? 538 ನಿರ್ವಾಚಕ ಮತಗಳಲ್ಲಿ ಅವರಿಗೆ ದೊರೆತುದು 52. ಲಿಂಡನ್ ಜಾನ್ಸನ್ನರಿಗೆ 486. ಎಂಟು ವರುಷಗಳ ತರುವಾಯ ಡೆಮಾಕ್ರಾಟರ ಸರದಿ ಬಂತು. ವಿಯೆಟ್ನಾಂ ಯುದ್ಧವನ್ನು ಕೂಡಲೇ ನಿಲ್ಲಿಸಬೇಕೆಂದು ಸಾರಿದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅವರು ಪ್ರೈಮರಿಗಳಲ್ಲಿ ಹಂಫ್ರಿ, ಮಸ್ಕಿ ಮೊದಲಾದ ಅನುಭವಿಗಳನ್ನು ಹಿಂದಿಕ್ಕಿದರು. ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಇವೆರಡನ್ನು ಬಿಟ್ಟು ಉಳಿದೆಲ್ಲವನ್ನೂ ರಿಚರ್ಡ್ ನಿಕ್ಸನ್ನರಿಗೆ ಒಪ್ಪಿಸಿದರು.

ಇದು ಅಧ್ಯಕ್ಷ ಪದವಿಗೆ ಮಾತ್ರ ಸೀಮಿತವಾದ ಅನುಭವವಲ್ಲ. 2010ರಲ್ಲಿ ಡೆಲವೇರ್ ಎಂಬ ಪುಟ್ಟ ರಾಜ್ಯದಲ್ಲಿ ಸೆನೆಟ್ ಸ್ಥಾನವೊಂದು ತೆರವಾಗಿತ್ತು. ಹಿಂದೆ ಗವರ್ನರರಾಗಿದ್ದ, ಎರಡು ಪಕ್ಷಗಳವರ ಗೌರವಕ್ಕೂ ಪಾತ್ರರಾಗಿದ್ದ ಶ್ರೀ ಮೈಕ್ ಕ್ಯಾಸಲ್ ಅವರನ್ನು ರಿಪಬ್ಲಿಕನ್ ಮತದಾರರು ಪ್ರೈಮರಿಯಲ್ಲಿ ಸೋಲಿಸಿ, ಉಗ್ರ ಮಾತಿನ ಶ್ರೀಮತಿ ಕ್ರಿಸ್ಟೀನ್ ಓಡಾನೆಲ್ ಅವರನ್ನು ಆರಿಸಿದರು. ಕೈಗೆ ಬಂದಂತೆಯೇ ಇದ್ದ ಸ್ಥಾನವು ನವೆಂಬರಿನಲ್ಲಿ ಎದುರು ಪಕ್ಷದ ಪಾಲಾಯಿತು. 2012ರಲ್ಲಿ ಮಿಸ್ಸೂರಿ ರಾಜ್ಯದಲ್ಲಿ ನಡೆದುದು ಇನ್ನೂ ವಿಚಿತ್ರ. ಅಲ್ಲಿನ ಡೆಮಾಕ್ರಾಟಿಕ್ ಸೆನೆಟರ್ ಶ್ರೀಮತಿ ಕ್ಲೇರ್ ಮೆಕಾಸ್ಕಿಲ್ ಅವರು ಎದುರು ಪಕ್ಷದ ಪ್ರೈಮರಿಯಲ್ಲಿ ಅತ್ಯಂತ ತೀವ್ರಗಾಮಿಯಾದ ಟಾಡ್ ಏಕಿನ್ ಗೆಲ್ಲಲೆಂದು ತಮ್ಮ ಹಣದಿಂದಲೇ ಜಾಹೀರಾತುಗಳನ್ನು ಕೊಟ್ಟರು, ಅವರೇ ಗೆದ್ದರು, ಮುಂದೆ ಶ್ರೀಮತಿ ಮೆಕಾಸ್ಕಿಲ್ ಅವರ ಕೈಯಲ್ಲಿ ಸುಲಭವಾಗಿ ಸೋತರು. ನಮ್ಮ ಮನೆಯ ವರನನ್ನು ವೈರಿಯು ಹುಡುಕಿ ಕೊಡುತ್ತಿದ್ದಾನೆಂದರೆ ಎಚ್ಚರದಿಂದಿರಬೇಡವೇ?

ಈ ಅನುಭವಗಳಿಗೆ ಅಂಕೆಸಂಖ್ಯೆಗಳ ಬೆಂಬಲವೂ ಇದೆ. ಆಂಡ್ರ್ಯೂ ಹಾಲ್ ಎಂಬ ರಾಜ್ಯಶಾಸ್ತ್ರಜ್ಞರು 1980ರಿಂದ 2010ರವರೆಗಿನ ಪ್ರತಿನಿಧಿ ಸಭೆಯ ಪ್ರೈಮರಿಗಳನ್ನು ಪರಿಶೀಲಿಸಿ 2015ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತೀವ್ರಗಾಮಿಯು ಮಂದಗಾಮಿಯನ್ನು ಕೂದಲೆಳೆಯ ಅಂತರದಿಂದ ಸೋಲಿಸಿದ ಕಡೆಗಳಲ್ಲಿ ಪಕ್ಷದ ಮತಪ್ರಮಾಣವು ಮುಖ್ಯ ಚುನಾವಣೆಯಲ್ಲಿ ಸರಾಸರಿ ಶೇಕಡಾ 9ರಿಂದ 13 ಅಂಶಗಳಷ್ಟು ಕುಗ್ಗಿತೆಂದೂ, ಗೆಲ್ಲುವ ಸಂಭವವು 35ರಿಂದ 54 ಅಂಶಗಳಷ್ಟು ಇಳಿಯಿತೆಂದೂ ಅವರು ತೋರಿಸಿದರು. ಧೈರ್ಯಕ್ಕೆ ಬೆಲೆಯಿದೆ, ಅದನ್ನು ನಗದಾಗಿಯೇ ತೆರಬೇಕಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಹಾಗಾದರೆ ಪ್ರಶ್ನೆಯು ಇತ್ಯರ್ಥವಾಯಿತೆ? ಇಲ್ಲ. ಅದೇ ಅಮೇರಿಕದ ಇತಿಹಾಸವು ನಾಣ್ಯದ ಇನ್ನೊಂದು ಮಗ್ಗುಲನ್ನೂ ತೋರಿಸುತ್ತದೆ. 1976ರಲ್ಲಿ ರಿಪಬ್ಲಿಕನ್ ಪಕ್ಷವು ತೀವ್ರಗಾಮಿ ರೊನಾಲ್ಡ್ ರೀಗನ್ನರನ್ನು ಅಲ್ಪ ಅಂತರದಿಂದ ಸೋಲಿಸಿ ಸೌಮ್ಯರಾದ ಜೆರಾಲ್ಡ್ ಫೋರ್ಡರನ್ನು ನಿಲ್ಲಿಸಿತು; ಅವರು ಸೋತರು. 1980ರಲ್ಲಿ ಅದೇ ರೀಗನ್ನರು, ‘ಇವರು ಇನ್ನೊಬ್ಬ ಗೋಲ್ಡ್‌ವಾಟರ್’ ಎಂಬ ಭಯವನ್ನು ಮೀರಿ, ಸೌಮ್ಯವಾದಿಯೆನಿಸಿದ ಶ್ರೀ ಜಾರ್ಜ್ ಬುಷ್ ಅವರನ್ನು ಪ್ರೈಮರಿಗಳಲ್ಲಿ ಸೋಲಿಸಿದರು. ಆ ನವೆಂಬರಿನಲ್ಲಿ ಅವರು 44 ರಾಜ್ಯಗಳನ್ನು ಗೆದ್ದು 489 ನಿರ್ವಾಚಕ ಮತಗಳನ್ನು ಪಡೆದರು. ಮುಂದೆ 1996ರ ಡೋಲ್, 2004ರ ಕೆರಿ, 2012ರ ರಾಮ್ನಿ ಇವರೆಲ್ಲರೂ ಜವಾಬ್ದಾರಿಯುಳ್ಳ, ಯಾರನ್ನೂ ಹೆದರಿಸದ ಗೃಹಸ್ಥರೆಂದೇ ಆಯ್ಕೆಯಾದವರು, ಮೂವರೂ ಸೋತರು. 2016ರಲ್ಲಿ ಡೆಮಾಕ್ರಾಟಿಕ್ ಮತದಾರರು ಸೆನೆಟರ್ ಬರ್ನಿ ಸ್ಯಾಂಡರ್ಸರನ್ನು ಬಿಟ್ಟು ಶ್ರೀಮತಿ ಹಿಲರಿ ಕ್ಲಿಂಟನ್ನರನ್ನು ಆರಿಸಿದುದಕ್ಕೆ ‘ಇವರೇ ಗೆಲ್ಲುವವರು’ ಎಂಬುದು ಒಂದು ಪ್ರಬಲ ಕಾರಣವಾಗಿತ್ತು. ಅವರು ಎದುರಾಳಿಗಿಂತ ಸುಮಾರು 29 ಲಕ್ಷ ಹೆಚ್ಚು ಮತಗಳನ್ನು ಪಡೆದರೂ ನಿರ್ವಾಚಕ ಮತಗಳಲ್ಲಿ ಸೋತರು. ಗೆದ್ದವರು ಡೊನಾಲ್ಡ್ ಟ್ರಂಪ್. ಅವರದೇ ಪಕ್ಷದ ಅನೇಕ ಹಿರಿಯರು ‘ಇವರು ಗೆಲ್ಲಲಾರರು’ ಎಂದು ಹೇಳುತ್ತಿದ್ದರು.

ಇದರಿಂದ ನಮಗೆ ತೋರುವುದಿಷ್ಟೇ: ‘ಯಾರು ಗೆಲ್ಲುವರು’ ಎಂಬುದನ್ನು ಊಹಿಸುವ ಕಲೆಯಲ್ಲಿ ಮತದಾರನು ಪಂಡಿತನಲ್ಲ, ಪಂಡಿತರೂ ಪಂಡಿತರಲ್ಲ. ಸೌಮ್ಯತೆಯು ವಿಜಯದ ಜಾಮೀನು ಅಲ್ಲ, ಧೈರ್ಯವು ಸೋಲಿನ ವಾರಂಟೂ ಅಲ್ಲ.

ಮೇಲಾಗಿ, ಈ ಎರಡು ಹಣೆಪಟ್ಟಿಗಳನ್ನು ನಂಬಿದರೆ ಅಧಿಕಾರಕ್ಕೆ ಬಂದ ಮೇಲಿನ ನಡತೆಯೂ ತಿಳಿಯಲಾರದು. 1964ರಲ್ಲಿ ಸೌಮ್ಯರೆನಿಸಿದ ಜಾನ್ಸನ್ನರು ಆ ವರ್ಷವೇ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದ್ದರು. 1965ರಲ್ಲಿ ನೀಗ್ರೋ ಜನರ ಮತದಾನದ ಹಕ್ಕನ್ನು ರಕ್ಷಿಸುವ ಕಾಯಿದೆಯನ್ನೂ ವೃದ್ಧರ ವೈದ್ಯಕೀಯ ವೆಚ್ಚವನ್ನು ಸರಕಾರವು ಹೊರುವ ಮೆಡಿಕೇರ್ ಯೋಜನೆಯನ್ನೂ ತಂದರು. ಅದಕ್ಕಿಂತ ಧೈರ್ಯದ ಶಾಸನಗಳು ಆ ದೇಶದಲ್ಲಿ ಆಗಿರುವುದು ವಿರಳ. ಅತ್ತ ತೀವ್ರಗಾಮಿ ರೀಗನ್ನರು 1981ರಲ್ಲಿ ತೆರಿಗೆಗಳನ್ನು ಇಳಿಸಿ, ಲೆಕ್ಕ ಸರಿದೂಗದಿದ್ದಾಗ 1982ರಲ್ಲಿ ಕೆಲವನ್ನು ಏರಿಸಿದರು. ಶ್ರೀ ಟ್ರಂಪರು ವಲಸೆಯ ವಿಷಯದಲ್ಲಿ ಎಷ್ಟು ಉಗ್ರರೋ, 2016ರಲ್ಲಿ ವೃದ್ಧಾಪ್ಯ ವೇತನಕ್ಕೆ ಕೈಹಚ್ಚುವುದಿಲ್ಲವೆಂಬ ಮಾತಿನಲ್ಲಿ ತಮ್ಮ ಪಕ್ಷದವರಿಗಿಂತ ಅಷ್ಟೇ ಸೌಮ್ಯರಾಗಿದ್ದರು. ಒಬ್ಬ ಮನುಷ್ಯನೇ ಒಂದು ವಿಷಯದಲ್ಲಿ ಬೆಂಕಿ, ಇನ್ನೊಂದರಲ್ಲಿ ತಣ್ಣೀರು ಆಗಿರಬಹುದು.

ಈಗ ನ್ಯೂಯಾರ್ಕಿಗೆ ಬರೋಣ. 2025ರ ಜೂನ್ 24ರಂದು ಅಲ್ಲಿ ಡೆಮಾಕ್ರಾಟಿಕ್ ಪ್ರೈಮರಿ ನಡೆಯಿತು. ಒಂದು ಕಡೆ ಹತ್ತು ವರುಷಗಳಿಗೂ ಮಿಕ್ಕಿ ರಾಜ್ಯದ ಗವರ್ನರರಾಗಿದ್ದ ಶ್ರೀ ಆಂಡ್ರ್ಯೂ ಕೂಮೋ. ಹಣ, ಹೆಸರು, ಅನುಭವ ಎಲ್ಲವೂ ಇದ್ದವರು, ಆದರೆ ಲೈಂಗಿಕ ಕಿರುಕುಳದ ಆರೋಪಗಳಿಂದಾಗಿ 2021ರಲ್ಲಿ ರಾಜೀನಾಮೆ ಇತ್ತವರು. ಆರೋಪಗಳನ್ನು ಅವರು ನಿರಾಕರಿಸಿದ್ದಾರೆ. ಇನ್ನೊಂದು ಕಡೆ ರಾಜ್ಯ ಶಾಸನ ಸಭೆಯ ಸದಸ್ಯರಾಗಿದ್ದ 33 ವಯಸ್ಸಿನ ಶ್ರೀ ಜೋಹ್ರಾನ್ ಮಾಮ್ದಾನಿ. ಚಲಚ್ಚಿತ್ರ ನಿರ್ದೇಶಕಿ ಮೀರಾ ನಾಯರ್ ಮತ್ತು ಪ್ರಾಧ್ಯಾಪಕ ಮಹಮೂದ್ ಮಾಮ್ದಾನಿ ಇವರ ಪುತ್ರ, ಹುಟ್ಟಿದ್ದು ಯುಗಾಂಡದಲ್ಲಿ. ತಾನು ಸಮಾಜವಾದಿಯೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಬಾಡಿಗೆ ಏರಬಾರದು, ಬಸ್ಸು ಉಚಿತವಾಗಬೇಕು, ಮಕ್ಕಳ ಪಾಲನೆಯ ವೆಚ್ಚವನ್ನು ನಗರವು ಹೊರಬೇಕು, ಇದಕ್ಕೆ ಬೇಕಾದ ಹಣವನ್ನು ಶ್ರೀಮಂತರು ತೆರಬೇಕು; ಇದೇ ಅವರ ಪ್ರಣಾಳಿಕೆಯ ಸಾರ.

ಆ ನಗರದ ಮತಪತ್ರಿಕೆಯಲ್ಲಿ ಒಂದು ವಿಶೇಷವಿದೆ. 2021ರಿಂದ ಅಲ್ಲಿನ ಪ್ರೈಮರಿಗಳಲ್ಲಿ ಮತದಾರನು ಐವರವರೆಗೆ ಉಮೇದುವಾರರನ್ನು ಒಂದು, ಎರಡು, ಮೂರು ಎಂದು ಅನುಕ್ರಮವಾಗಿ ಗುರುತಿಸಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವನನ್ನು ಕೈಬಿಟ್ಟು ಅವನ ಮತಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾರೆ. ನಾವು ಹೇಳುತ್ತಿರುವ ಧರ್ಮಸಂಕಟಕ್ಕೆ ಇದು ಅರ್ಧ ಔಷಧವೆನ್ನಬಹುದು: ಮನಸ್ಸಿನವನಿಗೆ ಮೊದಲನೆಯ ಅಂಕೆ, ಬುದ್ಧಿಯವನಿಗೆ ಎರಡನೆಯದು. ಹತ್ತು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದು, ಕೊನೆಯ ಎಣಿಕೆಯಲ್ಲಿ ಶ್ರೀ ಮಾಮ್ದಾನಿಯವರು ಶೇಕಡಾ 56ರಷ್ಟನ್ನು ಪಡೆದರು. ಶ್ರೀ ಕೂಮೋ ಅವರು ಸೋಲನ್ನು ಅಲ್ಲಿಗೇ ಬಿಡದೆ ಸ್ವತಂತ್ರರಾಗಿ ನಿಂತರು. ನವೆಂಬರ್ 4ರಂದು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನರು ಮತವಿತ್ತರು. 1969ರ ಬಳಿಕ ಆ ನಗರದ ಮೇಯರ್ ಚುನಾವಣೆಯಲ್ಲಿ ಅಷ್ಟು ಮತದಾನವಾಗಿರಲಿಲ್ಲ. ಗೆದ್ದವರು ಮಾಮ್ದಾನಿ, ಅರ್ಧಕ್ಕಿಂತ ತುಸುವೇ ಹೆಚ್ಚು ಮತಗಳಿಂದ. 2026ರ ಜನವರಿ 1ರಂದು ಅವರು ಅಧಿಕಾರ ವಹಿಸಿದರು.

ತೀವ್ರಗಾಮಿಗಳು ಇದನ್ನು ತಮ್ಮ ದಿಗ್ವಿಜಯವೆಂದು ಸಾರಿದರು. ಆದರೆ ಅದೇ ನವೆಂಬರ್ 4ರಂದು ವರ್ಜೀನಿಯಾದಲ್ಲಿ ಹಿಂದೆ ಗುಪ್ತಚರ ಇಲಾಖೆಯಲ್ಲಿದ್ದ ಶ್ರೀಮತಿ ಎಬಿಗೇಲ್ ಸ್ಪ್ಯಾನ್‌ಬರ್ಗರ್, ನ್ಯೂಜೆರ್ಸಿಯಲ್ಲಿ ಹಿಂದೆ ನೌಕಾಪಡೆಯ ಹೆಲಿಕಾಪ್ಟರ್ ಚಾಲಕಿಯಾಗಿದ್ದ ಶ್ರೀಮತಿ ಮಿಕಿ ಶೆರಿಲ್, ಇಬ್ಬರೂ ಅದೇ ಪಕ್ಷದಿಂದ, ಆದರೆ ಸೌಮ್ಯ ಮಾರ್ಗದಿಂದ, ಗವರ್ನರ್ ಪದವಿಗಳನ್ನು ಸುಲಭವಾಗಿ ಗೆದ್ದರು. ಮೂವರೂ ಬಹುವಾಗಿ ಮಾತಾಡಿದುದು ಒಂದೇ ವಿಷಯವನ್ನು: ಮನೆ, ವಿದ್ಯುತ್ತು, ದಿನಸಿ ಇವುಗಳ ಬೆಲೆ. ಊರು ಬೇರೆ, ಧಾಟಿ ಬೇರೆ, ಹೊಟ್ಟೆಯ ಮಾತು ಒಂದೇ.

ಹೋಟೆಲಿನ ಗಲ್ಲಾದಲ್ಲಿ ಕೆಲವು ವರುಷ ಕುಳಿತು ಬಂದ ನಮಗೆ ಈ ಸಂದರ್ಭದಲ್ಲಿ ಒಂದು ಹೋಲಿಕೆ ತೋರುತ್ತದೆ. ಯಾರೂ ಆಕ್ಷೇಪಿಸಬಾರದೆಂದು ಖಾರ, ಹುಳಿ, ಉಪ್ಪು ಎಲ್ಲವನ್ನೂ ತಗ್ಗಿಸುವ ಹೋಟೆಲಿನವನಿದ್ದಾನೆ. ಅವನ ಸಾಂಬಾರಿನ ಬಗ್ಗೆ ದೂರು ಬರುವುದಿಲ್ಲ. ಗಿರಾಕಿಯೂ ಎರಡನೆಯ ಸಲ ಬರುವುದಿಲ್ಲ. ಇನ್ನೊಬ್ಬನು ದಿನವೂ ಬರುವ ನಾಲ್ಕು ಮಂದಿಯ ‘ಭಲೇ’ ಎಂಬ ಮಾತಿಗೆ ಹಿಗ್ಗಿ ಮೆಣಸನ್ನು ಏರಿಸುತ್ತಲೇ ಹೋಗುತ್ತಾನೆ. ಆ ಒಂದು ಮೇಜು ತುಂಬಿರುತ್ತದೆ, ಉಳಿದವು ಖಾಲಿ. ಊಹೆಯ ಮೇಲೆ ಅಡಿಗೆ ಮಾಡಿದವರು ಇಬ್ಬರೂ. ಹೋಟೆಲು ನಿಲ್ಲುವುದು, ತನ್ನ ಬೀದಿಯಲ್ಲಿ ಓಡಾಡುವವರು ಯಾರು, ಅವರ ಜೇಬಿನಲ್ಲಿ ಎಷ್ಟಿದೆ, ತನ್ನ ಒಲೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಬಲ್ಲವನದು.

ಅಂತೆಯೇ ಪ್ರೈಮರಿಯ ಮತದಾರನೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು, ಕ್ಷೇತ್ರ ಎಂಥದು? ಡೆಮಾಕ್ರಾಟರೇ ತುಂಬಿರುವ ನ್ಯೂಯಾರ್ಕಿನಲ್ಲಿ ಪ್ರೈಮರಿಯನ್ನು ಗೆದ್ದವನು ಮುಖ್ಯ ಚುನಾವಣೆಯನ್ನು ಮುಕ್ಕಾಲು ಪಾಲು ಗೆದ್ದಂತೆಯೇ. 2018ರಲ್ಲಿ ಅದೇ ನಗರದ ಒಂದು ಪ್ರತಿನಿಧಿ ಸಭಾ ಕ್ಷೇತ್ರದಲ್ಲಿ, ಹತ್ತು ಸಲ ಗೆದ್ದ ಜೋಸೆಫ್ ಕ್ರೌಲಿಯವರನ್ನು 28 ವಯಸ್ಸಿನ ಅಲೆಕ್ಸಾಂಡ್ರಿಯಾ ಒಕಾಸಿಯೋ ಕಾರ್ಟೆಜ್ ಅವರು ಸೋಲಿಸಿದಾಗ ಪ್ರೈಮರಿಯಲ್ಲಿ ಬಿದ್ದ ಒಟ್ಟು ಮತಗಳು ಸುಮಾರು 30 ಸಾವಿರ ಮಾತ್ರ. ಅಂಥ ಕಡೆ ‘ಎದುರು ಪಕ್ಷದವರು ಏನೆಂದಾರು’ ಎಂಬ ಭಯಕ್ಕೆ ಅರ್ಥವಿಲ್ಲ. ಅಲ್ಲಿ ಸೌಮ್ಯತೆಯ ಹೆಸರಿನಲ್ಲಿ ಮತ ಕೇಳುವವನು ಇಲ್ಲದ ಹುಲಿಯನ್ನು ತೋರಿಸಿ ಹೆದರಿಸುತ್ತಿದ್ದಾನೆ. ಡೆಲವೇರಿನಂಥ ಕಡೆಯ ಮಾತು ಬೇರೆ. ಅಲ್ಲಿ ಹುಲಿಯು ನಿಜವಾಗಿಯೂ ಇದೆ.

ಎರಡನೆಯದು, ಆ ಪದವಿಯ ಕೈಗೆ ಎಟಕುವುದೆಷ್ಟು? ನ್ಯೂಯಾರ್ಕಿನಲ್ಲಿ ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಸುಮಾರು 10 ಲಕ್ಷ ಮನೆಗಳಿವೆ. ಅವುಗಳ ಬಾಡಿಗೆ ಎಷ್ಟು ಏರಬಹುದೆಂಬುದನ್ನು ವರ್ಷವರ್ಷವೂ ನಿಶ್ಚಯಿಸುವ ಮಂಡಳಿಯ ಒಂಬತ್ತು ಸದಸ್ಯರನ್ನು ನೇಮಿಸುವವರು ಮೇಯರ್. ಶ್ರೀ ಬಿಲ್ ಡಿ ಬ್ಲಾಸಿಯೋ ಅವರು ಮೇಯರ್ ಆಗಿದ್ದಾಗ 2015, 2016 ಮತ್ತು 2020ರಲ್ಲಿ ಒಂದು ವರ್ಷದ ಕರಾರುಗಳಿಗೆ ಏರಿಕೆಯೇ ಇರಲಿಲ್ಲ. ಅಂದಮೇಲೆ ಎಲ್ಲರೂ ಹೌಹಾರಿದ ಆ ‘ಉಗ್ರ’ ವಾಗ್ದಾನವು ಹಿಂದೆ ಮೂರು ಸಲ ಸದ್ದಿಲ್ಲದೆ ನಡೆದುಹೋದ ಕೆಲಸ! ಆದರೆ ಬಸ್ಸುಗಳು ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ಸೇರಿದವು. 2023–24ರಲ್ಲಿ ಐದು ಮಾರ್ಗಗಳಲ್ಲಿ ಉಚಿತ ಸಂಚಾರದ ಪ್ರಯೋಗ ನಡೆದುದೂ ರಾಜ್ಯದ ಒಪ್ಪಿಗೆಯಿಂದಲೇ. ಶ್ರೀಮಂತರ ಆದಾಯ ತೆರಿಗೆಯನ್ನು ಏರಿಸಬೇಕಾದರೂ ರಾಜ್ಯದ ರಾಜಧಾನಿಯಾದ ಆಲ್ಬನಿಯ ಶಾಸನ ಸಭೆ ಒಪ್ಪಬೇಕು. ಒಂದೇ ಪ್ರಣಾಳಿಕೆಯಲ್ಲಿ ಒಂದು ಮಾತು ಕೈಯಳತೆಯದು, ಇನ್ನೊಂದು ಬೇರೆಯವರ ಬೀಗದ ಕೈಯನ್ನು ಕಾಯುವಂಥದು.

ಮೂರನೆಯದು, ಬಿಲ್ಲನ್ನು ತೆರುವವರು ಯಾರು? ಈ ಪ್ರಶ್ನೆಯ ಬೆಲೆಯನ್ನು ಮುಂಬಯಿಯಲ್ಲಿರುವ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 1947ರ ಬೊಂಬಾಯಿ ಬಾಡಿಗೆ, ಹೋಟೆಲ್ ಹಾಗೂ ವಸತಿಗೃಹ ದರಗಳ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಊರಿನಿಂದ ಬರಿಗೈಯಲ್ಲಿ ಬಂದ ಎಷ್ಟೋ ಸಂಸಾರಗಳು ಈ ಮಹಾನಗರದಲ್ಲಿ ತಲೆಯೂರಲು ಅದು ಆಸರೆಯಾಯಿತು. ಆದರೆ ಬಾಡಿಗೆಯು ದಶಕಗಟ್ಟಲೆ ಅಲುಗದಿದ್ದುದರಿಂದ ದುರಸ್ತಿಯನ್ನು ಕೇಳುವವರಿಲ್ಲದಾಗಿ ಚಾಳುಗಳು ಶಿಥಿಲವಾದವು. 1969ರಲ್ಲಿ ಸರಕಾರವು ದುರಸ್ತಿಗಾಗಿಯೇ ಬೇರೊಂದು ಕಾಯಿದೆಯನ್ನು ಮಾಡಬೇಕಾಯಿತು. ಪಗಡಿಯ ವ್ಯವಹಾರ ಬೆಳೆಯಿತು. 2000ದಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶವಿತ್ತಿತು. ಧೈರ್ಯದ ಕಾಯಿದೆಯು ತಪ್ಪೆಂದು ನಾವು ಹೇಳುತ್ತಿಲ್ಲ. ಮಳೆಗಾಲದಲ್ಲಿ ಸೋರುವ ಮಾಡನ್ನು ಯಾರು ಸರಿಪಡಿಸುವರೆಂಬುದನ್ನೂ ಅದೇ ಕಾಯಿದೆಯಲ್ಲಿ ಬರೆಯದ ಧೈರ್ಯವು ಅರೆ ಧೈರ್ಯವೆಂದಷ್ಟೇ ನಮ್ಮ ಮಾತು.

ಈ ಮೂರು ಪ್ರಶ್ನೆಗಳನ್ನು ಮಂದಗಾಮಿಗೂ ಕೇಳಬೇಕು. ಅವನ ಸೌಮ್ಯತೆಯು ಅನುಭವದಿಂದ ಬಂದುದೋ, ಅಂಜಿಕೆಯಿಂದ ಬಂದುದೋ? 2020ರಲ್ಲಿ ಶ್ರೀ ಜೋ ಬೈಡನ್ನರು ಮೊದಲ ಎರಡು ರಾಜ್ಯಗಳಲ್ಲಿ ನಾಲ್ಕನೆಯ ಹಾಗೂ ಐದನೆಯ ಸ್ಥಾನಕ್ಕೆ ಇಳಿದಿದ್ದರು. ಫೆಬ್ರವರಿ 29ರಂದು ದಕ್ಷಿಣ ಕರೋಲಿನಾದ ಮತದಾರರು, ಅದರಲ್ಲೂ ವಿಶೇಷವಾಗಿ ಕರಿಯ ಜನರು, ಅವರನ್ನು ಎತ್ತಿಹಿಡಿದರು. ಮೂರು ದಿನಗಳ ತರುವಾಯ 14 ರಾಜ್ಯಗಳಲ್ಲಿ 10 ಅವರ ಪಾಲಾದವು. ನವೆಂಬರಿನಲ್ಲಿ ಅವರು ಗೆದ್ದರು. ದಕ್ಷಿಣ ಕರೋಲಿನಾದ ಆ ಮತದಾರರು ಹೇಡಿಗಳೆಂದು ಯಾರು ಹೇಳಬಲ್ಲರು? ಸೋತರೆ ಏನಾಗುವುದೆಂದು ಮೈಮೇಲಿನ ಗಾಯಗಳಿಂದಲೇ ಬಲ್ಲ ಜನಾಂಗವದು. ತಮಗೆ ಬಹುಕಾಲದಿಂದ ಪರಿಚಿತನಾದವನನ್ನು ಅವರು ಆರಿಸಿದರು. ಅದು ನೆರೆಮನೆಯವನ ರುಚಿಯ ಊಹೆಗಿಂತ ಹೆಚ್ಚಾಗಿ ಸ್ವಂತ ಅಗತ್ಯದ ನಿರ್ಣಯವೆಂದೇ ನಮಗೆ ತೋರುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಸೋಲಿನ ಬೆಲೆಯನ್ನು ತೆರುವವನು ಉಮೇದುವಾರನಲ್ಲ. ಗೋಲ್ಡ್‌ವಾಟರ್, ಮೆಕ್‌ಗವರ್ನ್ ಇಬ್ಬರೂ ತರುವಾಯ ಸೆನೆಟಿನಲ್ಲಿ ಗೌರವದಿಂದಲೇ ಕುಳಿತರು. ಬೆಲೆ ತೆರುವವರು ಬಾಡಿಗೆದಾರರು, ಔಷಧಕ್ಕೆ ಹಣವಿಲ್ಲದ ವೃದ್ಧರು, ಯುದ್ಧಕ್ಕೆ ಹೋಗಬೇಕಾದ ಹುಡುಗರು. ಆದುದರಿಂದ ಧೈರ್ಯವನ್ನು ಆರಿಸುವವನು ಸೋಲಿನ ಹೊಣೆಯನ್ನೂ ಹೊರಬೇಕು. ಹಾಗೆಯೇ ಸೌಮ್ಯತೆಯನ್ನು ಆರಿಸುವವನು, ಗೆದ್ದೂ ಏನನ್ನೂ ಮಾಡದ ಆಡಳಿತದ ಹೊಣೆಯನ್ನು ಹೊರಬೇಕು. ಎರಡನೆಯ ಹೊಣೆಯು ಕಣ್ಣಿಗೆ ಕಾಣುವುದಿಲ್ಲವೆಂಬ ಕಾರಣಕ್ಕೆ ಅದು ಹಗುರವೆಂದು ತಿಳಿಯುವುದು ಸರಿಯಲ್ಲ.

ನಮ್ಮ ದೇಶದಲ್ಲಿ ಈ ಸಂಕಟವು ಮತದಾರನಿಗೆ ಇಲ್ಲ. ಟಿಕೇಟನ್ನು ವರಿಷ್ಠರು ದಿಲ್ಲಿಯಲ್ಲಿ ಹಂಚುತ್ತಾರೆ. 2014ರ ಲೋಕಸಭಾ ಚುನಾವಣೆಯಲ್ಲಿ ಶ್ರೀ ರಾಹುಲ್ ಗಾಂಧಿಯವರ ಪ್ರೇರಣೆಯಿಂದ ಕಾಂಗ್ರೆಸ್ಸು ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗವನ್ನು ನಡೆಸಿತು. ಕರ್ನಾಟಕದ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅವುಗಳಲ್ಲಿ ಸೇರಿದ್ದವು. ಮತವಿದ್ದುದು ಪಕ್ಷದ ಪದಾಧಿಕಾರಿಗಳು ಮೊದಲಾದವರಿಗೆ ಮಾತ್ರ. ಮಂಗಳೂರಿನಲ್ಲಿ ಶ್ರೀ ಜನಾರ್ದನ ಪೂಜಾರಿಯವರೂ ಬೆಂಗಳೂರಿನಲ್ಲಿ ಶ್ರೀ ಸಿ. ನಾರಾಯಣಸ್ವಾಮಿಯವರೂ ಆಯ್ಕೆಯಾದರು, ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಆ ವರ್ಷದ ಗಾಳಿಯಲ್ಲಿ ಬೇರೆಯವರು ನಿಂತಿದ್ದರೂ ಗೆಲ್ಲುತ್ತಿದ್ದರೋ ಹೇಳಲಾಗದು. ಆದರೂ ಅಡಿಗೆಯವರೇ ರುಚಿ ನೋಡಿ ಬಡಿಸಿದ ಊಟದಿಂದ ಗಿರಾಕಿಯ ನಾಲಗೆಯನ್ನು ಅಳೆಯಲು ಬಾರದೆಂಬುದು ಸತ್ಯ. ಅಮೇರಿಕದ ಪದ್ಧತಿಯಲ್ಲಿ ದೋಷಗಳು ಎಷ್ಟೇ ಇರಲಿ, ತನ್ನ ಪಕ್ಷದ ಮುಖ ಯಾವುದಾಗಿರಬೇಕೆಂದು ಹೇಳುವ ಹಕ್ಕನ್ನು ಅದು ಸಾಮಾನ್ಯನಿಗೆ ಕೊಟ್ಟಿದೆ.

ಆ ಹಕ್ಕನ್ನು ಅವನು ಊಹೆಗೆ ಒತ್ತೆಯಿಡಬಾರದೆಂಬುದೇ ನಮ್ಮ ಅಭಿಪ್ರಾಯ. ಮುಖ್ಯ ಚುನಾವಣೆಯಲ್ಲಿ ರಾಜಿಯು ಅನಿವಾರ್ಯ. ಇಬ್ಬರಲ್ಲಿ ಕಡಿಮೆ ಕೆಟ್ಟವನನ್ನು ಆರಿಸಬೇಕಾದೀತು. ತನಗೆ ಬೇಕಾದುದೇನೆಂದು ಮತದಾರನು ನೇರವಾಗಿ ಹೇಳಬಹುದಾದ ಸ್ಥಳ ಪ್ರೈಮರಿಯೊಂದೇ. ಅಲ್ಲಿಯೂ ಅವನು ನೆರೆಯವನ ಬಾಯಿಯಿಂದ ಮಾತಾಡಿದರೆ ಅವನ ಸ್ವಂತ ಮಾತನ್ನು ಯಾರು ಎಲ್ಲಿ ಕೇಳಬೇಕು? ಕ್ಷೇತ್ರವನ್ನೂ ಪದವಿಯನ್ನೂ ಲೆಕ್ಕವನ್ನೂ ನೋಡಿದ ಮೇಲೆ, ಮೂರಕ್ಕೂ ಉತ್ತರ ಕೊಡಬಲ್ಲ ಧೈರ್ಯಶಾಲಿಯಿದ್ದರೆ ಅವನಿಗೆ ಮತವೀಯಲು ಹಿಂಜರಿಯಬೇಕಾಗಿಲ್ಲ. ಉತ್ತರ ಕೊಡಲಾರದವನ ಗಂಟಲು ಎಷ್ಟೇ ದೊಡ್ಡದಿರಲಿ, ಮಾತಿನಲ್ಲಿ ಸೌಮ್ಯನಾದರೂ ಕೆಲಸ ಬಲ್ಲವನನ್ನು ಆರಿಸುವುದೇ ವಿವೇಕ. ಇಬ್ಬರೂ ಸರಿಸಮಾನರೆಂದು ತೋರಿದರೆ ಮಾತ್ರ ‘ಯಾರು ಗೆಲ್ಲುವರು’ ಎಂಬ ಪ್ರಶ್ನೆಯನ್ನು ಕೊನೆಯದಾಗಿ ಕೇಳಿಕೊಳ್ಳಲಿ. ನ್ಯೂಯಾರ್ಕಿನ ಮತದಾರರು ಆರಿಸಿದ ತೀವ್ರಗಾಮಿಯನ್ನೂ, ವರ್ಜೀನಿಯಾ, ನ್ಯೂಜೆರ್ಸಿಗಳವರು ಆರಿಸಿದ ಮಂದಗಾಮಿಗಳನ್ನೂ ಅಂತಿಮವಾಗಿ ಅಳೆಯುವುದು ಒಂದೇ ತಕ್ಕಡಿ: ತಿಂಗಳ ಮೊದಲನೆಯ ತಾರೀಕಿಗೆ ಬಾಡಿಗೆ, ವಿದ್ಯುತ್ತು, ದಿನಸಿಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕುಳಿತ ಗೃಹಸ್ಥನ ಲೆಕ್ಕದ ಪುಸ್ತಕ.